ಕಿವಿ ಬರೀ ಕೇಳುವುದಿಲ್ಲ

ಶಬ್ದ ತಾನಾಗಿ ಒಳಗೆ ಬಂದು ಬೀಳುತ್ತದೆ, ಕಿವಿಯದು ಸುಮ್ಮನೆ ತೆರೆದುಕೊಂಡಿರುವ ಕೆಲಸ, ಉಳಿದದ್ದೆಲ್ಲ ಮಿದುಳಿನದು ಎಂದು ಬಹಳ ಮಂದಿ ನಂಬಿದ್ದಾರೆ. ಇದು ಜನಸಾಮಾನ್ಯರ ನಂಬಿಕೆ ಮಾತ್ರವಲ್ಲ. ನೊಬೆಲ್ ಪಡೆದ ಸಂಶೋಧನೆಯೊಂದು ಕೂಡ ಇದನ್ನೇ ದಶಕಗಳ ಕಾಲ ಗಟ್ಟಿ ಮಾಡಿತ್ತು.

ಆ ಸಂಶೋಧನೆ ಜಾರ್ಜ್ ಫಾನ್ ಬೆಕೆಶಿ ಅವರದು. 1961ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಂದದ್ದರಿಂದ ಅವರನ್ನು ವೈದ್ಯರೆಂದು ಭಾವಿಸುವವರಿದ್ದಾರೆ. ಅವರು ಭೌತವಿಜ್ಞಾನಿ, ಬುಡಾಪೆಸ್ಟ್‌ನಲ್ಲಿ ಹಂಗೇರಿಯ ದೂರವಾಣಿ ಇಲಾಖೆಯ ಪ್ರಯೋಗಾಲಯದಲ್ಲಿದ್ದವರು. ಫೋನಿನ ದನಿ ಸುಧಾರಿಸಬೇಕಾದರೆ ಅದನ್ನು ಕೇಳುವ ಕಿವಿ ಹೇಗೆ ಕೆಲಸ ಮಾಡುತ್ತದೆಂದು ಮೊದಲು ತಿಳಿಯಬೇಕಿತ್ತು.

ಒಳಗಿವಿಯಲ್ಲಿ ಪಿಯಾನೊ ತಂತಿಗಳಂತೆ ಸಾಲು ಎಳೆಗಳಿವೆ, ಒಂದೊಂದೂ ತನ್ನ ಸ್ವರಕ್ಕೆ ಮಾತ್ರ ಮಿಡಿಯುತ್ತದೆ ಎಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಬರೆದಿದ್ದರು. ಬೆಕೆಶಿ ಊಹೆಯನ್ನು ಬಿಟ್ಟು ಕಣ್ಣಾರೆ ನೋಡಲು ಹೊರಟರು. ಮೃತದೇಹಗಳಿಂದ ತೆಗೆದ ಒಳಗಿವಿಯನ್ನು, ಸುರುಳಿ ಬಿಚ್ಚಿದರೆ ಸುಮಾರು 35 ಮಿಲಿಮೀಟರ್ ಉದ್ದವಿರುವ ಆ ಕಾಕ್ಲಿಯಾವನ್ನು, ಸೂಕ್ಷ್ಮದರ್ಶಕದ ಕೆಳಗೆ ಕೊರೆದು ತೆರೆದರು. ಒಳಗಿನ ಪೊರೆಯ ಮೇಲೆ ಬೆಳ್ಳಿಯ ಕಣ ಉದುರಿಸಿ, ಮಿಣುಕುವ ಬೆಳಕಿನಲ್ಲಿ ಅದರ ಕಂಪನ ಗಮನಿಸಿದರು. ಬಿಡಿ ತಂತಿಗಳಿರಲಿಲ್ಲ. ಪೊರೆಯುದ್ದಕ್ಕೂ ಅಲೆಯೊಂದು ಸಾಗುತ್ತಿತ್ತು. ಕೀರಲು ಸ್ವರಕ್ಕೆ ಬುಡದ ಬಳಿ, ಮಂದ್ರಕ್ಕೆ ತುದಿಯ ಬಳಿ ಎತ್ತರಕ್ಕೇರುತ್ತಿತ್ತು. ಈ ಮಾತು ಇಂದಿಗೂ ನಿಜ.

ಆದರೆ ಅವು ಸತ್ತ ಕಿವಿಗಳು. ಕಂಪನ ಕಣ್ಣಿಗೆ ಕಾಣಲು ಬದುಕಿರುವವರಿಗೆ ನೋವಾಗುವಷ್ಟು ಗಟ್ಟಿ ಶಬ್ದ ಬೇಕಿತ್ತು, ಕಂಡ ಅಲೆಯೂ ಅಗಲವಾಗಿ ಹರಡಿಕೊಂಡಿತ್ತು. ಹಾಗಿದ್ದರೆ ಶ್ರುತಿಯ ಕೂದಲೆಳೆಯ ವ್ಯತ್ಯಾಸವನ್ನು ಗಾಯಕರು ಹಿಡಿಯುವುದು ಹೇಗೆ? ನರಗಳು, ಮಿದುಳು ಅದನ್ನು ಚೂಪುಗೊಳಿಸುತ್ತವೆ ಎಂದು ಸಮಾಧಾನ ಹೇಳಲಾಯಿತು. ಒಳಗಿವಿಯಲ್ಲಿ ದ್ರವವಿದೆ, ಕಂಪನ ಅಲ್ಲೇ ಅಡಗಬೇಕು, ಆದ್ದರಿಂದ ಕಿವಿಯೇ ಶಕ್ತಿ ಸೇರಿಸುತ್ತಿರಬೇಕು ಎಂದು 1948ರಲ್ಲಿ ಕೇಂಬ್ರಿಜ್‌ನ ಥಾಮಸ್ ಗೋಲ್ಡ್ ವಾದಿಸಿದರು. ಅಂಥ ಕಿವಿ ಕೆಲವೊಮ್ಮೆ ತಾನೇ ಸದ್ದು ಹೊರಡಿಸಬೇಕು ಎಂದೂ ಹೇಳಿದರು. ಯಾರೂ ಕಿವಿಗೊಡಲಿಲ್ಲ. ವಿಜ್ಞಾನದಲ್ಲಿ ಸರಿಯಾದ ಮಾತು ಹೀಗೆ ಮೂವತ್ತು ವರ್ಷ ಮೂಲೆಗೆ ಬಿದ್ದದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಕಿವಿಯ ನಾಳದಲ್ಲಿ ಪುಟ್ಟ ಮೈಕ್ ಇಟ್ಟು ‘ಟಿಕ್’ ಎನಿಸಿದರು. ಕೆಲವು ಮಿಲಿಸೆಕೆಂಡುಗಳ ನಂತರ ಕಿವಿಯೊಳಗಿಂದ ಮರುದನಿ ಬಂತು! ಒಳಗಿವಿ ಕೆಟ್ಟವರಲ್ಲಿ ಅದು ಬರಲಿಲ್ಲ. ಇದರ ಹಿಂದಿರುವುದು ಒಳಗಿವಿಯಲ್ಲೇ ಇರುವ ಹೊರ ರೋಮಕೋಶಗಳೆಂಬ ಜೀವಕೋಶಗಳು. ಅವು ಹಿಗ್ಗಿ ಕುಗ್ಗುತ್ತವೆಂದು 1985ರಲ್ಲಿ ತಿಳಿಯಿತು. ಜೋಕಾಲಿಯನ್ನು ಸರಿಯಾದ ಕ್ಷಣಕ್ಕೆ ತಳ್ಳುವವರಂತೆ ಅವು ಪೊರೆಯ ಕಂಪನಕ್ಕೆ ಬಲ ಕೊಡುತ್ತವೆ. ಕಿವಿಯಲ್ಲಿ ಗುಂಯ್‌ಗುಡುವ ತೊಂದರೆ ಸಾಮಾನ್ಯವಾಗಿ ಬೇರೆಯದೇ, ಅದನ್ನು ಈ ಮರುದನಿಯೊಂದಿಗೆ ಬೆರೆಸಬಾರದು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ನವಜಾತ ಶಿಶುಗಳ ಕಿವಿಯನ್ನು ಈ ಮರುದನಿಯಿಂದಲೇ ಪರೀಕ್ಷಿಸುತ್ತಾರೆ. ಮಗು ನಿದ್ದೆ ಮಾಡುತ್ತಿದ್ದರೂ ಸಾಕು, ನೋವಿಲ್ಲ, ಕೆಲವೇ ನಿಮಿಷ. ಮನೆಗಳಲ್ಲೋ ಮಗುವಿನ ಹಿಂದೆ ತಟ್ಟೆ ಬಡಿದು, ತಿರುಗಿದರೆ ಕಿವಿ ಸರಿಯಿದೆ ಎಂದುಬಿಡುತ್ತಾರೆ. ತಟ್ಟೆಯ ಸದ್ದು ಜೋರು. ಅದು ಕೇಳಿಸಿದ ಮಗುವಿಗೆ ಮೆಲುಮಾತು ಕೇಳಿಸದೇ ಇರಬಹುದು. ‘ಅವರಪ್ಪನೂ ತಡವಾಗಿಯೇ ಮಾತು ಕಲಿತದ್ದು’ ಎಂದು ಕಾಯುತ್ತ ಕೂತರೆ ಭಾಷೆ ಬೇರೂರುವ ಅಮೂಲ್ಯ ತಿಂಗಳುಗಳು ಹೋಗುತ್ತವೆ. ಮರುದನಿ ಬಂದರೂ ಶ್ರವಣ ನರದಲ್ಲಿ ದೋಷವಿರಬಹುದು, ಅದಕ್ಕೆ ಬೇರೆ ಪರೀಕ್ಷೆಯಿದೆ. ಅನುಮಾನ ಉಳಿದರೆ ದಯವಿಟ್ಟು ಅದನ್ನೂ ಮಾಡಿಸಿ.

ವಯಸ್ಸಾದವರಿಗೆ ಕೂಗಿ ಹೇಳಿದರೆ ಸಾಕೆಂಬುದೂ, ಕಿವಿ ಸುಮ್ಮನೆ ತೆರೆದುಕೊಂಡಿರುತ್ತದೆಂಬ ಹಳೆಯ ನಂಬಿಕೆಯ ಮರಿ. ಹೊರ ರೋಮಕೋಶಗಳು ನಾಶವಾದಾಗ ಮೆಲುದನಿ ಕೇಳದಾಗುವುದರ ಜೊತೆಗೆ ಸ್ವರಗಳನ್ನು ಬಿಡಿಸಿ ಹಿಡಿಯುವ ಚೂಪುತನವೂ ಹೋಗುತ್ತದೆ. ಹಕ್ಕಿಗಳಲ್ಲಿ ರೋಮಕೋಶಗಳು ಮತ್ತೆ ಹುಟ್ಟುತ್ತವೆ, ನಮ್ಮಲ್ಲಿ ಇಲ್ಲ. ‘ಕೇಳ್ಸತ್ತೆ, ಏನಂದೆ ಅಂತ ಗೊತ್ತಾಗಲ್ಲ’ ಎಂದು ಅಜ್ಜಿ ಹೇಳುವುದು ನೆಪವಲ್ಲ. ಕೂಗಿದಾಗ ಸ್ವರಾಕ್ಷರಗಳು ಉಬ್ಬುತ್ತವೆ. ಸ, ಶ, ತ ಮುಂತಾದ ವ್ಯಂಜನಗಳು ಆಗಲೂ ಮಸುಕಾಗಿಯೇ ಉಳಿಯುತ್ತವೆ. ಟಿ.ವಿ. ಆರಿಸಿ, ಎದುರು ಕೂತು, ತುಟಿ ಕಾಣುವಂತೆ ನಿಧಾನವಾಗಿ ಮಾತಾಡಿ. ಶ್ರವಣತಜ್ಞರಲ್ಲಿಗೂ ಕರೆದುಕೊಂಡು ಹೋಗಿ.