ರೈಫಲಿನ ದೂರ್ಬೀನು ಮತ್ತು ಅದರೊಳಗಿನ ಗೆರೆ

ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುವುದುಂಟು. ಗುರಿಯಿಡುವವನ ಕಣ್ಣಿಗೆ ಒದಗುವ ಕಷ್ಟವನ್ನು ನಾವು ಸ್ವಲ್ಪ ಯೋಚಿಸಿ ನೋಡೋಣ. ಕಣ್ಣಿನ ಬಳಿ ಹಿಂಗುರಿಯ ಕಚ್ಚು, ನಳಿಗೆಯ ತುದಿಯಲ್ಲಿ ಮುಂಗುರಿಯ ಮೊಳೆ, ದೂರದಲ್ಲಿ ತೆಂಗಿನಕಾಯಿ. ಈ ಮೂರನ್ನೂ ಒಂದೇ ಸರಳರೇಖೆಗೆ ತರಬೇಕು. ಆದರೆ ನಮ್ಮ ಕಣ್ಣು ಒಮ್ಮೆಗೆ ಒಂದು ದೂರದ ವಸ್ತುವನ್ನು ಮಾತ್ರ ಸ್ಫುಟವಾಗಿ ಕಾಣಬಲ್ಲುದು. ಮೊಳೆ ಸ್ಪಷ್ಟವಾದರೆ ಕಾಯಿ ಮಸುಕಾಗುತ್ತದೆ. ಕಾಯಿ ಸ್ಪಷ್ಟವಾದರೆ ಮೊಳೆ ಮಸುಕಾಗುತ್ತದೆ.

ರೈಫಲಿನ ಮೇಲೆ ದೂರ್ಬೀನನ್ನು ಕೂರಿಸುವುದು ವಸ್ತುವನ್ನು ದೊಡ್ಡದಾಗಿ ಕಾಣುವುದಕ್ಕೆಂದೇ ಬಹುಮಂದಿ ತಿಳಿದಿದ್ದಾರೆ. ಅದಕ್ಕಿಂತಲೂ ಹೆಚ್ಚಿನ ಉಪಕಾರವೆಂದರೆ, ಗುರಿಯನ್ನೂ ಗುರಿಗೆರೆಯನ್ನೂ ಅದು ಒಂದೇ ಸಮತಲಕ್ಕೆ ತರುತ್ತದೆ. ಈ ತತ್ವ ತಿಳಿದದ್ದು ಕೋವಿಗಾರನಿಗಲ್ಲ, ಖಗೋಳಜ್ಞನಿಗೆ. ಎರಡು ಉಬ್ಬು ಮಸೂರಗಳ ದೂರ್ಬೀನನ್ನು ಕೆಪ್ಲರನು 1611ರಲ್ಲಿ ವಿವರಿಸಿದನು. ಇಂಥ ದೂರ್ಬೀನಿನ ಕೊಳವೆಯೊಳಗೇ ವಸ್ತುವಿನ ನೈಜಬಿಂಬ ಮೂಡುತ್ತದೆ. ಸುಮಾರು 1640ರಲ್ಲಿ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯ್ನನ ಉಪಕರಣದೊಳಗೆ ಜೇಡವೊಂದು ಎಳೆದಿದ್ದ ನೂಲು ಬಿಂಬದೊಡನೆಯೇ ಸ್ಫುಟವಾಗಿ ಕಂಡಿತೆಂದು ಹೇಳುತ್ತಾರೆ. ಬಿಂಬ ಮೂಡುವ ಸ್ಥಳದಲ್ಲಿ ಎಳೆಯನ್ನಿಟ್ಟರೆ, ನೇತ್ರಮಸೂರವು ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಇಂದಿನ ಗುರಿಗೆರೆ, ಅಂದರೆ ರೆಟಿಕಲ್, ಆ ಎಳೆಯ ವಂಶದ್ದೇ.

ಎಷ್ಟು ವರ್ಧನೆ ಸಾಕು?

ದೂರ್ಬೀನಿನ ಮೇಲೆ 4×32 ಎಂದು ಕೆತ್ತಿದ್ದರೆ, ವರ್ಧನೆ ನಾಲ್ಕರಷ್ಟು, ವಸ್ತುಮಸೂರದ ವ್ಯಾಸ 32 ಮಿ.ಮೀ. ಎಂದು ತಿಳಿಯತಕ್ಕದ್ದು. ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದರೆ, ಕಣ್ಣಿನ ಕಡೆಗೆ ಹೊರಬೀಳುವ ಬೆಳಕಿನ ಕಂಬದ ವ್ಯಾಸ ಸಿಕ್ಕುತ್ತದೆ. ಇಲ್ಲಿ ಅದು 8 ಮಿ.ಮೀ. ಕತ್ತಲಲ್ಲಿ ತರುಣರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅರಳುತ್ತದೆ, ಬಿಸಿಲಿನಲ್ಲಿ 2-3 ಮಿ.ಮೀ.ಗೆ ಕುಗ್ಗುತ್ತದೆ. ಆದುದರಿಂದ 4×32ರ ಬೆಳಕು ಮುಸ್ಸಂಜೆಗೂ ಸಾಕು. 20×40ರಲ್ಲಿಯಾದರೋ ಕಂಬದ ವ್ಯಾಸ ಬರಿಯ 2 ಮಿ.ಮೀ.; ಹಗಲಿಗೆ ಸಾಲುವ ಈ ಯಂತ್ರ ಸಂಜೆಗೆ ಮಂಕಾಗುತ್ತದೆ.

ವರ್ಧನೆ ಹೆಚ್ಚಿದಂತೆ ಕೈಯ ನಡುಕವೂ, ಕಾದ ನೆಲದಿಂದೇಳುವ ಗಾಳಿಯ ಕಂಪನವೂ ಅಷ್ಟೇ ಹೆಚ್ಚಾಗಿ ಕಾಣುತ್ತವೆ, ದೃಷ್ಟಿಕ್ಷೇತ್ರವೋ ಕಿರಿದಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ರಷ್ಯದ ಮೊಸಿನ್-ನಗಾಂತ್ ರೈಫಲಿಗೆ ಹಾಕಿದ ಪಿಯು ಎಂಬ ದೂರ್ಬೀನಿನ ವರ್ಧನೆ ಕೇವಲ 3.5, ಅದರ ದೃಷ್ಟಿಕ್ಷೇತ್ರ 4.5 ಡಿಗ್ರಿ, ಎಂದರೆ 100 ಮೀಟರ್ ದೂರದಲ್ಲಿ ಸುಮಾರು 8 ಮೀಟರ್ ಅಗಲ. ಗುರಿಯನ್ನು ಮೊದಲು ಹುಡುಕಬೇಕು, ಆಮೇಲೆ ಹೊಡೆಯಬೇಕು ಎಂಬುದನ್ನು ಅದರ ತಯಾರಕರು ಮರೆಯಲಿಲ್ಲ.

ಬೋಲ್ಟಿನ ಹಿಡಿ ಮತ್ತು ಹುಬ್ಬು

ಬಾಗಿಲ ಅಗುಳಿಯಂತೆ ಸರಿಯುವ ಬೋಲ್ಟುಳ್ಳ ರೈಫಲಿಗೆ ತನ್ನದೇ ಆದ ನಿರ್ಬಂಧಗಳುಂಟು. ಬೋಲ್ಟಿನ ಹಿಡಿಯನ್ನು ಮೇಲೆತ್ತಿದಾಗ ಅದು ದೂರ್ಬೀನಿಗೆ ತಾಗಬಾರದು. ಮೊಸಿನ್-ನಗಾಂತಿನ ನೇರವಾದ ಹಿಡಿಗೆ ಬದಲಾಗಿ ಕೆಳಕ್ಕೆ ಬಾಗಿದ ಹಿಡಿಯನ್ನು ಹಾಕಬೇಕಾದದ್ದು ಇದಕ್ಕಾಗಿಯೇ. ವಸ್ತುಮಸೂರ ಬಹಳ ದೊಡ್ಡದಾದರೆ ದೂರ್ಬೀನನ್ನು ಎತ್ತರದಲ್ಲಿ ಕೂರಿಸಬೇಕಾಗಿ, ಕೆನ್ನೆಗೆ ಕೋವಿಯ ಹಿಡಿಮರದ ಆಸರೆ ತಪ್ಪುತ್ತದೆ. ಇನ್ನು ಕಣ್ಣಿಗೂ ನೇತ್ರಮಸೂರಕ್ಕೂ 8-10 ಸೆಂ.ಮೀ. ಅಂತರವಿರುವುದು ಕ್ಷೇಮ, ಇಲ್ಲದಿದ್ದರೆ ಹಿಮ್ಮೆಟ್ಟುವ ರೈಫಲು ಹುಬ್ಬನ್ನೇ ಸೀಳೀತು.

ಗೆರೆಯ ಆಯ್ಕೆ

ಗೆರೆ ತೆಳುವಾದಷ್ಟೂ ಒಳ್ಳೆಯದೆಂದು ತೋರಬಹುದು. 1 ಕೋನಮಿನಿಟಿನಷ್ಟು ದಪ್ಪದ ಗೆರೆ 100 ಮೀಟರಿನಲ್ಲಿ 29 ಮಿ.ಮೀ., 400 ಮೀಟರಿನಲ್ಲಿ 116 ಮಿ.ಮೀ. ಜಾಗವನ್ನು ಮುಚ್ಚುತ್ತದೆ. ಕಾಗದದ ಗುರಿಗೆ ಹೊಡೆಯುವವನಿಗೆ ಇದು ಅತಿಯಾಯಿತು. ಆದರೆ ಕೂದಲೆಳೆಯಂಥ ಗೆರೆ ಮಬ್ಬುಗತ್ತಲ ಕಾಡಿನಲ್ಲಿ ಕಾಣುವುದೇ ಇಲ್ಲ. ಹೊರಭಾಗದಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಇರುವ ಶಿಲುಬೆಯಾಕಾರದ ಡ್ಯುಪ್ಲೆಕ್ಸ್ ಗೆರೆ ಈ ಎರಡು ಬಯಕೆಗಳ ಸಂಧಾನ. ಮೂರನೆಯ ಬಗೆಯಲ್ಲಿ ಗೆರೆಯ ಮೇಲೆ ಅಳತೆಯ ಗುರುತುಗಳಿರುತ್ತವೆ. ಒಂದು ಮಿಲ್ ಎಂದರೆ 1000 ಮೀಟರಿನಲ್ಲಿ 1 ಮೀಟರ್ ಕಾಣುವ ಕೋನ. ಅರ್ಧ ಮೀಟರ್ ಎತ್ತರದ ವಸ್ತು 2 ಮಿಲ್ ವ್ಯಾಪಿಸಿದರೆ ಅದರ ದೂರ 250 ಮೀಟರ್.

ಇಲ್ಲಿ ಒಂದು ಸೂಕ್ಷ್ಮವುಂಟು. ಕೆಪ್ಲರನ ದೂರ್ಬೀನಿನಲ್ಲಿ ಬಿಂಬ ತಲೆಕೆಳಗು. ಅದನ್ನು ನೆಟ್ಟಗೆ ಮಾಡಲು ರೈಫಲಿನ ದೂರ್ಬೀನಿನ ನಡುವೆ ಬೇರೆ ಮಸೂರಗಳಿರುತ್ತವೆ. ಆದುದರಿಂದ ಬಿಂಬ ಎರಡು ಕಡೆ ಮೂಡುತ್ತದೆ. ಗೆರೆಯನ್ನು ಎರಡರಲ್ಲಿ ಎಲ್ಲಿ ಬೇಕಾದರೂ ಇಡಬಹುದು. ವರ್ಧನೆಯನ್ನು ಬದಲಿಸುವಂಥ ದೂರ್ಬೀನಿನಲ್ಲಿ ಆ ನಡುವಣ ಮಸೂರಗಳೇ ಸರಿದಾಡುತ್ತವೆ. ಗೆರೆ ಮೊದಲನೆಯ ಸಮತಲದಲ್ಲಿದ್ದರೆ ಗುರಿಯೊಡನೆ ತಾನೂ ಹಿಗ್ಗಿ ಕುಗ್ಗುತ್ತದೆ. ಗುರುತುಗಳ ಅಳತೆ ಎಂದೂ ಕೆಡುವುದಿಲ್ಲ. ಎರಡನೆಯದರಲ್ಲಿದ್ದರೆ ಗೆರೆ ಸದಾ ಒಂದೇ ದಪ್ಪವಾಗಿ ಕಾಣುತ್ತದೆ, ಆದರೆ ಅಳತೆ ಒಂದು ನಿಗದಿಯಾದ ವರ್ಧನೆಯಲ್ಲಿ ಮಾತ್ರ ಸರಿ.

ಇದರಿಂದಾಗುವ ಪ್ರಮಾದ ಸಣ್ಣದಲ್ಲ. ಬೆನ್ನಿನಿಂದ ಹೊಟ್ಟೆಯವರೆಗೆ ಅರ್ಧ ಮೀಟರ್ ಇರುವ ಸ್ಕಾಟ್ಲೆಂಡಿನ ಕೆಂಪು ಜಿಂಕೆಯೊಂದು 125 ಮೀಟರ್ ದೂರದಲ್ಲಿ ನಿಂತಿದೆಯೆನ್ನೋಣ. ಅದು ವ್ಯಾಪಿಸುವುದು 4 ಮಿಲ್. ಬೇಟೆಗಾರನ ದೂರ್ಬೀನಿನ ಗುರುತುಗಳು 12ರಷ್ಟು ವರ್ಧನೆಗೆ ಸರಿಯಾದವು. ಆತನು ಮರೆತು 6ರಲ್ಲಿ ಇಟ್ಟಿದ್ದಾನೆ. ಆಗ ಜಿಂಕೆ ಎರಡೇ ಗುರುತುಗಳಷ್ಟು ಕಾಣುತ್ತದೆ. ದೂರ 250 ಮೀಟರೆಂದು ಆತ ಎಣಿಸುತ್ತಾನೆ. ಸೆಕೆಂಡಿಗೆ ಸರಾಸರಿ 750 ಮೀಟರ್ ಓಡುವ ಗುಂಡು 250 ಮೀಟರಿಗೆ ಮೂರರಲ್ಲೊಂದು ಸೆಕೆಂಡು ತೆಗೆದುಕೊಂಡು ಸುಮಾರು 54 ಸೆಂ.ಮೀ. ಕೆಳಗೆ ಬೀಳುತ್ತದೆ. ಅದಕ್ಕೆ ತಕ್ಕಂತೆ ನಳಿಗೆಯನ್ನೆತ್ತಿದರೆ 125 ಮೀಟರಿನಲ್ಲಿ ಅದು 27 ಸೆಂ.ಮೀ. ಮೇಲಕ್ಕೆ ನೋಡುತ್ತಿರುತ್ತದೆ. ಆದರೆ ಅಲ್ಲಿಗೆ ಗುಂಡು ಬೀಳುವುದು ಸುಮಾರು 14 ಸೆಂ.ಮೀ. ಮಾತ್ರ. ಉಳಿದ 13 ಸೆಂ.ಮೀ. ಮೇಲೆ, ಜೀವಸ್ಥಾನವನ್ನು ತಪ್ಪಿಸಿ, ಗುಂಡು ತಗಲುತ್ತದೆ. ಗಾಯಗೊಂಡ ಪ್ರಾಣಿ ಓಡಿಹೋಗಿ ಎಲ್ಲಿಯೋ ನರಳಿ ಸಾಯುತ್ತದೆ.

ಗೆರೆಯ ಗುರುತೂ ತಿರುಪಿನ ಹೆಜ್ಜೆಯೂ ಒಂದೇ ಮಾನದಲ್ಲಿರುವುದೂ ಅಗತ್ಯ. ಗೆರೆ ಮಿಲ್ಲಿನಲ್ಲಿದ್ದು ತಿರುಪು ಕೋನಮಿನಿಟಿನಲ್ಲಿದ್ದರೆ ಪ್ರತಿಯೊಂದು ಸಲವೂ ಮನಸ್ಸಿನಲ್ಲಿ ಲೆಕ್ಕ ಮಾಡಬೇಕಾಗುತ್ತದೆ. ಕಡೆಯದಾಗಿ, ಬಿಂಬವೂ ಗೆರೆಯೂ ನಿಜವಾಗಿ ಒಂದೇ ಸಮತಲದಲ್ಲಿವೆಯೇ ಎಂದು ಪರೀಕ್ಷಿಸಬೇಕು. ರೈಫಲನ್ನು ಮರಳುಚೀಲದ ಮೇಲೆ ಅಲುಗದಂತೆ ಇಟ್ಟು ತಲೆಯನ್ನು ಮಾತ್ರ ಅತ್ತಿತ್ತ ಸರಿಸಿದಾಗ ಗೆರೆ ಗುರಿಯ ಮೇಲೆ ಹರಿದಾಡಿದರೆ, ಪ್ಯಾರಲಾಕ್ಸ್ ಎಂಬ ದೋಷ ಇದೆಯೆಂದು ಅರ್ಥ.

ಹೀಗಿರಲು ಆಯ್ಕೆ ಸುಲಭವಾಯಿತು. ದಟ್ಟ ಕಾಡಿಗೆ ನಾಲ್ಕರಷ್ಟು ವರ್ಧನೆ, ದಪ್ಪ ತುದಿಗಳ ಗೆರೆ. ಬಯಲಿಗೆ 3ರಿಂದ 9ರವರೆಗೆ ಬದಲಾಗುವ ವರ್ಧನೆ, 40 ಮಿ.ಮೀ. ಮಸೂರ, ಗೊತ್ತಾದ ದೂರದ ಕಾಗದದ ಗುರಿಗೆ ಹೆಚ್ಚು ವರ್ಧನೆ, ತೆಳುಗೆರೆ, ಪ್ಯಾರಲಾಕ್ಸನ್ನು ಸರಿಪಡಿಸುವ ಉಂಗುರ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಾಗಿ ವಿನೋದದ ಬೇಟೆಗೆ ಎಡೆಯಿಲ್ಲ. ಇಲ್ಲಿಯ ವಿದ್ಯಾರ್ಥಿಗೆ ಒದಗುವುದು ಕಾಗದದ ಗುರಿಯೇ. ಆದರೂ ಪಾಠ ಒಂದೇ. ದೂರ್ಬೀನು ದೂರದ್ದನ್ನು ಹತ್ತಿರ ತೋರಿಸುತ್ತದೆಯೇ ಹೊರತು ಹತ್ತಿರ ಮಾಡುವುದಿಲ್ಲ. ನಡುವಣ ಗಾಳಿಯೂ, ಭೂಮಿಯ ಸೆಳೆತವೂ, ಹಿಡಿದವನ ಹೊಣೆಯೂ ಇದ್ದಷ್ಟೇ ಇರುತ್ತವೆ.