ಮನೆಗಂದಾಯವೂ ಮೇಲ್ಮನವಿಯೂ

ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು, ಧರ್ಮದ ಫಲವು ದೊಡ್ಡವರಿಗೆ ಮಾತ್ರವಲ್ಲದೆ ಸಣ್ಣವರಿಗೂ ಲಭ್ಯವೆಂದು ಸಾರುತ್ತದೆ. ಅದೇ ಚಕ್ರವರ್ತಿಯು ಲುಂಬಿನಿ ಗ್ರಾಮದ ಕರಭಾರವನ್ನು ತಗ್ಗಿಸಿದನೆಂಬುದಕ್ಕೆ ಅಲ್ಲಿಯ ಸ್ತಂಭವೇ ಸಾಕ್ಷಿ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಮನೆವಂತರು ಇವೆರಡನ್ನೂ ನೆನೆಯತಕ್ಕದ್ದು.

ತೆರಿಗೆ ಕೊಡುವುದು ಪೌರಧರ್ಮ, ಇದರಲ್ಲಿ ವಾದವಿಲ್ಲ. ದೀಪ, ನೀರು, ಚರಂಡಿಗಳು ಆಕಾಶದಿಂದ ಉದುರುವುದಿಲ್ಲ. ಆದರೆ ಲೆಕ್ಕ ಕೇಳುವುದೂ ಅಷ್ಟೇ ಧರ್ಮ. 1964ರ ಪುರಸಭೆಗಳ ಅಧಿನಿಯಮದ ಇಂದಿನ ಕ್ರಮದಲ್ಲಿ ಆಸ್ತಿಯ ವಿವರವನ್ನು ಮಾಲೀಕನೇ ಘೋಷಿಸತಕ್ಕದ್ದು. ನಿವೇಶನದ ಮಾರ್ಗಸೂಚಿ ಬೆಲೆ, ಕಟ್ಟಡದ ವಿಸ್ತೀರ್ಣ, ವಯಸ್ಸು, ಉಪಯೋಗ, ಇವುಗಳ ಮೇಲೆ ಕರವು ನಿಲ್ಲುತ್ತದೆ. ಇವುಗಳಲ್ಲೊಂದು ತಪ್ಪಿದರೂ ಸಾಕು, ಹಳೆಯ ಮಣ್ಣಿನ ಮನೆಯು ಕಾಗದದಲ್ಲಿ ಹೊಸ ಕಟ್ಟಡವಾಗುತ್ತದೆ, ಜಗುಲಿಯು ಅಂಗಡಿಯಾಗುತ್ತದೆ.

ಆಗ ಕಚೇರಿಯ ಕಟ್ಟೆಯ ಮೇಲೆ ಕುಳಿತು ಗೊಣಗಿದರೆ ಫಲವೇನು? ಅವಧಿ ಮೀರುವ ಮುನ್ನ ಲಿಖಿತ ಆಕ್ಷೇಪಣೆಯನ್ನು ಸಲ್ಲಿಸಿ ಸ್ವೀಕೃತಿ ಪಡೆಯಿರಿ; ಅಲ್ಲಿ ನ್ಯಾಯ ದೊರೆಯದಿದ್ದರೆ ಮೇಲ್ಮನವಿ ಹೂಡಿರಿ. ವಕೀಲನನ್ನು ಇಡಬಲ್ಲವನ ಕರವು ಇಳಿದು, ಬಾಯಿಲ್ಲದವನ ಕರವು ಹಾಗೆಯೇ ನಿಂತರೆ, ಊರಿನ ಭಾರವು ಬಡವನ ಹೆಗಲಿಗೇ ಬೀಳುವುದು.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹ ಒಂದೇ: ತಿಳುವಳಿಕೆ ಪತ್ರದೊಡನೆ ಲೆಕ್ಕದ ವಿವರವನ್ನೂ ತಿಳಿಗನ್ನಡದಲ್ಲಿ ಕೊಡಿರಿ. ಸಣ್ಣವನ ಅರ್ಜಿಗೂ ದೊಡ್ಡವನ ಅರ್ಜಿಯಷ್ಟೇ ಬೆಲೆಯಿರಲಿ. ಮಸ್ಕಿಯ ಬಂಡೆಯ ನೆರೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಾದುದಿಲ್ಲ.