ಭೌತಶಾಸ್ತ್ರಕ್ಕೊಬ್ಬ ಗುರು ಬೇಕು

ಹಿಂದೆ ಮಠಕ್ಕೆ ಬರುತ್ತಿದ್ದ ತಾಯಿತಂದೆಗಳು ಮಕ್ಕಳ ಓದಿನ ವಿಷಯದಲ್ಲಿ ಕೇಳುತ್ತಿದ್ದುದು ಎರಡೇ ಮಾತು: ಧಾರವಾಡದಲ್ಲಿ ಹುಡುಗನಿಗೆ ಇರಲು ಸ್ಥಳ, ಉಣ್ಣಲು ಪ್ರಸಾದ. ಇಂದು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಡೆಯಿಂದ ಬರುವವರ ಪ್ರಶ್ನೆ ಬೇರೆಯಾಗಿದೆ. “ಮಗಳು ಸೈನ್ಸ್ ತೊಗೊಂಡಾಳ್ರಿ ಅಜ್ಜಾರ, ಫಿಜಿಕ್ಸ್ ತಿಳಿವಲ್ದು ಅಂತಾಳ. ಹೇಳಿಕೊಡಾವ್ರು ಯಾರರೆ ಇದ್ದರ ತಿಳಸ್ರಿ” ಎಂದು ಕೇಳುತ್ತಾರೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಶಾಸ್ತ್ರಗಳನ್ನು ಓದಿದ ನಾವು ಭೌತಶಾಸ್ತ್ರದ ಅಧ್ಯಾಪಕರಲ್ಲ. ಆದರೆ ವಿದ್ಯೆಯು ಗುರುಮುಖದಿಂದ ಬರುವ ಬಗೆಯನ್ನು ಬಲ್ಲೆವು. ಆ ಬಲದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಗಂಟು ಎಲ್ಲಿದೆ ಎಂಬುದನ್ನು ನೋಡಬೇಕು. ಪಿ.ಯು. ಎರಡನೆಯ ವರ್ಷದ ಭೌತಶಾಸ್ತ್ರ ಪಠ್ಯವು ಎರಡು ಭಾಗಗಳಲ್ಲಿದೆ. ಮೊದಲ ಭಾಗದ 8 ಅಧ್ಯಾಯಗಳೂ ವಿದ್ಯುತ್ತು ಮತ್ತು ಕಾಂತತ್ವಕ್ಕೆ ಸಂಬಂಧಿಸಿದವು. ಕನ್ನಡ ಮಾಧ್ಯಮದ ಮಗು ಹತ್ತನೆಯ ತರಗತಿಯಲ್ಲಿ ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’ ಎಂಬ ಪಾಠವನ್ನು ತಾಯ್ನುಡಿಯಲ್ಲಿ ಓದಿರುತ್ತದೆ. ಪಿ.ಯು.ಗೆ ಬಂದೊಡನೆ ಅದೇ ವಿಷಯ ಇಂಗ್ಲಿಷಿನ ಉಡುಪಿನಲ್ಲಿ, ಸದಿಶಗಳ ಮತ್ತು ಕಲನಶಾಸ್ತ್ರದ ಗಣಿತದೊಡನೆ ಎದುರು ನಿಲ್ಲುತ್ತದೆ. ಭಾಷೆಯ ಗಂಟು ಒಂದು, ಗಣಿತದ ಗಂಟು ಎರಡು, ಕಣ್ಣಿಗೆ ಕಾಣದ ಕ್ಷೇತ್ರವನ್ನು ಮನಸ್ಸಿನಲ್ಲಿ ಕಾಣಬೇಕಾದ ಗಂಟು ಮೂರು. ಈ ಮೂರನ್ನೂ ಬೇರ್ಪಡಿಸಿ ನೋಡದೆ “ನನ್ನ ತಲೆಗೆ ಇದು ಹತ್ತುವುದಿಲ್ಲ” ಎಂದು ಮಗು ತೀರ್ಮಾನಿಸಿಕೊಳ್ಳುತ್ತದೆ. ಹಿರಿಯರೂ ಅದನ್ನು ನಂಬಿಬಿಡುತ್ತಾರೆ. ಹೊಲ ಅಡವಿಟ್ಟು ದೂರದೂರಿನ ಕೋಚಿಂಗಿಗೆ ಕಳಿಸುವವರು ಕೆಲವರು. ಸಂಜೆಯ ಬಸ್ಸಿಗೆ ಹೆಣ್ಣುಮಗಳು ಹುಬ್ಬಳ್ಳಿಯಿಂದ ಒಬ್ಬಳೇ ಬರಬೇಕಾದೀತೆಂದು ಓದನ್ನೇ ಬಿಡಿಸುವವರು ಇನ್ನು ಕೆಲವರು. ಹೀಗೆ ಒಂದು ಪಾಠ ತಿಳಿಯದ ಕಾರಣಕ್ಕೆ ಒಂದು ಜೀವನದ ದಾರಿಯೇ ತಿರುಗಿಬಿಡುತ್ತದೆ.

ಈ ಶಾಸ್ತ್ರದ ಮೂಲಪುರುಷರಲ್ಲೊಬ್ಬನಾದ ಮೈಕೆಲ್ ಫ್ಯಾರಡೆಯ ಕಥೆಯನ್ನು ನಮ್ಮ ಮಕ್ಕಳು ತಿಳಿದಿರಬೇಕು. 1791ರಲ್ಲಿ ಹುಟ್ಟಿದ ಆತ ಒಬ್ಬ ಕಮ್ಮಾರನ ಮಗ. ಶಾಲೆಯ ಓದು ಅಲ್ಪ. ಹದಿನಾಲ್ಕನೆಯ ವಯಸ್ಸಿಗೆ ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ಸೇರಿದ. ಕಟ್ಟಲು ಬಂದ ಪುಸ್ತಕಗಳನ್ನೇ ಓದಿದ. ಊರಿನ ಒಬ್ಬರ ಮನೆಯಲ್ಲಿ ಸಂಜೆ ನಡೆಯುತ್ತಿದ್ದ ವಿಜ್ಞಾನ ಉಪನ್ಯಾಸಗಳಿಗೆ ಹೋಗಲು ಒಂದೊಂದು ಶಿಲ್ಲಿಂಗ್ ಕೊಡಬೇಕಾಗಿತ್ತು. ಆ ಹಣವನ್ನು ಅವನ ಅಣ್ಣ ಕೊಟ್ಟ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೇಟಿನಿಂದ ಹಂಫ್ರಿ ಡೇವಿ ಎಂಬ ಮಹಾವಿಜ್ಞಾನಿಯ ಉಪನ್ಯಾಸಗಳನ್ನು ಕೇಳಿದ. ಕೇಳಿದ್ದನ್ನೆಲ್ಲ ಅಂದವಾಗಿ ಬರೆದು, ತಾನೇ ರಟ್ಟು ಕಟ್ಟಿ, ಆ ಗುರುವಿಗೆ ಕಳಿಸಿದ. 1813ರಲ್ಲಿ ಡೇವಿಯವರ ಪ್ರಯೋಗಶಾಲೆಯಲ್ಲಿ ಸಹಾಯಕನಾದ. ಗುರುವಿನ ಬಾಗಿಲು ತೆರೆದದ್ದು ಶಿಷ್ಯನು ತನ್ನ ಕೈಯಿಂದ ಬರೆದ ಒಂದು ಪುಸ್ತಕದಿಂದ ಎಂಬುದನ್ನು ಗಮನಿಸಬೇಕು.

ಅದೇ ಫ್ಯಾರಡೆ 1831ರ ಆಗಸ್ಟಿನಲ್ಲಿ ಒಂದು ಕಬ್ಬಿಣದ ಬಳೆಗೆ ಎರಡು ಕಡೆ ತಾಮ್ರದ ತಂತಿಯ ಸುರುಳಿಗಳನ್ನು ಸುತ್ತಿದ. ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದ ಕ್ಷಣದಲ್ಲಿ, ಮತ್ತೆ ಬಿಡಿಸಿದ ಕ್ಷಣದಲ್ಲಿ ಮಾತ್ರ ಇನ್ನೊಂದು ಸುರುಳಿಯ ಬಳಿಯಿದ್ದ ಸೂಜಿ ಅಲುಗಿತು. ನಡುವೆ ಪ್ರವಾಹ ಒಂದೇ ಸಮನೆ ಹರಿಯುವಾಗ ಸೂಜಿ ಸುಮ್ಮನಿತ್ತು. ಕಾಂತತ್ವ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು. ಆಗಲೇ ವಿದ್ಯುತ್ತು ಹುಟ್ಟುತ್ತದೆ. ಇದೇ ವಿದ್ಯುತ್ಕಾಂತೀಯ ಪ್ರೇರಣೆ. ನಮ್ಮ ಊರ ಹೊರಗೆ ಕಂಬದ ಮೇಲೆ ಕುಳಿತ ಟ್ರಾನ್ಸ್‌ಫಾರ್ಮರು ಫ್ಯಾರಡೆಯ ಆ ಬಳೆಯೇ ಆಗಿದೆ. 11,000 ವೋಲ್ಟಿನಲ್ಲಿ ಬಂದ ವಿದ್ಯುತ್ತನ್ನು ಸುಮಾರು 400 ವೋಲ್ಟಿಗೆ ಇಳಿಸಿ ಊರಿಗೆ ಕೊಡುವ ಅದರೊಳಗೆ ಒಂದು ಸುರುಳಿಯಿಂದ ಇನ್ನೊಂದಕ್ಕೆ ತಂತಿಯ ಸಂಬಂಧವಿಲ್ಲ. ಹೊಲದ ಪಂಪ್‌ಸೆಟ್ಟಿನ ಮೋಟಾರಿನಲ್ಲಿ ತಿರುಗುವ ಭಾಗಕ್ಕೂ ಹೊರಗಿನಿಂದ ತಂತಿ ಹೋಗುವುದಿಲ್ಲ; ಸುತ್ತಲಿನ ಕಾಂತೀಯ ಕ್ಷೇತ್ರ ತಿರುಗಿ ಅದರಲ್ಲಿ ಪ್ರವಾಹವನ್ನು ಹುಟ್ಟಿಸುತ್ತದೆ. ರೈತನ ಮಕ್ಕಳಿಗೆ ಇವೆರಡೂ ನಿತ್ಯದ ನೋಟ. ಆದುದರಿಂದ ಈ ಶಾಸ್ತ್ರ ನಮ್ಮ ಹಳ್ಳಿಗೆ ಹೊರಗಿನದೆಂದು ತಿಳಿಯಬೇಕಾಗಿಲ್ಲ.

ಗುರು ದೂರದಲ್ಲಿಯೇ ಇರಬೇಕೆಂಬ ಭ್ರಮೆಯನ್ನೂ ಬಿಡಬೇಕು. ಇದಕ್ಕೆ ನಮ್ಮ ನೆಲದ ನಿದರ್ಶನವೇ ಇದೆ. ಗದಗಿನ ಬಾಲಕ ಭೀಮಸೇನ ಜೋಶಿ 1933ರಲ್ಲಿ ಸಂಗೀತ ಗುರುವನ್ನರಸಿ ಮನೆ ಬಿಟ್ಟು ಉತ್ತರ ಹಿಂದುಸ್ಥಾನವನ್ನೆಲ್ಲ ಅಲೆದರು. ದೂರದ ಜಲಂಧರದಲ್ಲಿ ವಿನಾಯಕರಾವ್ ಪಟವರ್ಧನರು ಅವರಿಗೆ ಹೇಳಿದ್ದು ಸವಾಯಿ ಗಂಧರ್ವರ ಹೆಸರನ್ನು. ಆ ಗುರು ಇದ್ದುದು ಗದಗಿಗೆ ಸಮೀಪದ ಕುಂದಗೋಳದಲ್ಲಿ! 1936ರಲ್ಲಿ ಭೀಮಸೇನರು ಅಲ್ಲಿಗೆ ಬಂದು ಶಿಷ್ಯರಾದರು. ಅದೇ ಗುರುವಿನಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬರುತ್ತಿದ್ದರು. ದೊಡ್ಡ ಊರಿನಿಂದ ಚಿಕ್ಕ ಊರಿಗೆ ವಿದ್ಯೆ ಕಲಿಯಲು ಹೋದ ಕಾಲವದು.

ಹಾಗಾದರೆ ಭೌತಶಾಸ್ತ್ರದ ಗುರುವನ್ನು ಎಲ್ಲಿ ಹುಡುಕಬೇಕು? ಮೊದಲಿಗೆ ಮಗುವಿನ ಕಾಲೇಜಿನ ಉಪನ್ಯಾಸಕರಲ್ಲಿಯೇ ಹೋಗಬೇಕು. ತರಗತಿ ಮುಗಿದ ಮೇಲೆ ಒಂದು ನಿರ್ದಿಷ್ಟ ಪ್ರಶ್ನೆಯೊಂದಿಗೆ ಬಂದ ವಿದ್ಯಾರ್ಥಿಯನ್ನು ಹಿಂದಕ್ಕೆ ಕಳಿಸುವ ಅಧ್ಯಾಪಕರು ವಿರಳ. ಎರಡನೆಯದಾಗಿ, ತಾಲೂಕಿನಲ್ಲಿ ನೆಲೆಸಿದ ನಿವೃತ್ತ ಉಪನ್ಯಾಸಕರನ್ನೂ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರನ್ನೂ ಕಾಣಬೇಕು. ಮೂರನೆಯದಾಗಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಮುಗಿಸಿ, ನೌಕರಿಯ ದಾರಿ ಕಾಯುತ್ತ ಊರಲ್ಲಿರುವ ತರುಣ ತರುಣಿಯರು ಉಂಟು. ಅವರಿಗೆ ಗೌರವದ ಸಂಭಾವನೆ ಬೇಕು, ಮಕ್ಕಳಿಗೆ ಗುರು ಬೇಕು. ನಡುವೆ ಪರಿಚಯ ಮಾಡಿಸುವವರು ಮಾತ್ರ ಇಲ್ಲ.

ಸಿಕ್ಕವರನ್ನೆಲ್ಲ ಗುರುವೆಂದು ಒಪ್ಪಬೇಕಾಗಿಲ್ಲ. ಶಿಷ್ಯನ ಪರೀಕ್ಷೆಯಂತೆ ಗುರುವಿನ ಪರೀಕ್ಷೆಯನ್ನೂ ನಮ್ಮ ಹಿರಿಯರು ಹೇಳಿದ್ದಾರೆ. ಎರಡು ಮೂರು ಪಾಠಗಳಾದ ಮೇಲೆ ಮಗುವನ್ನು ಇಷ್ಟು ಕೇಳಿರಿ. ಪಾಠ ಸೂತ್ರದಿಂದ ಆರಂಭವಾಯಿತೋ, ವಸ್ತುವಿನಿಂದ ಆರಂಭವಾಯಿತೋ? ಒಂದು ಅಯಸ್ಕಾಂತ, ಒಂದು ದಿಕ್ಸೂಚಿ, ಒಂದಿಷ್ಟು ತಾಮ್ರದ ತಂತಿ, ಒಂದು ಬ್ಯಾಟರಿ ಸೆಲ್ಲು ಇದ್ದರೆ ವಿದ್ಯುತ್ತು ಹರಿಯುವ ತಂತಿಯ ಬಳಿ ಸೂಜಿ ತಿರುಗುವುದನ್ನು ಯಾರ ಮನೆಯಲ್ಲಿಯಾದರೂ ತೋರಿಸಬಹುದು. ಎರಡನೆಯದು, ಲೆಕ್ಕ ಬಿಡಿಸುವಾಗ ಪೆನ್ಸಿಲ್ಲು ಯಾರ ಕೈಯಲ್ಲಿತ್ತು? ಗುರುವಿನ ಕೈಯಲ್ಲಿಯೇ ಇದ್ದರೆ ಕಲಿತವನು ಗುರುವೇ ಹೊರತು ಶಿಷ್ಯನಲ್ಲ. ಮೂರನೆಯದು, ತಪ್ಪಿದಾಗ ಬೈದರೋ, ಎಲ್ಲಿ ತಪ್ಪಿತೆಂದು ತೋರಿಸಿದರೋ? ಒಂದು ಪ್ರಶ್ನೆಯನ್ನೂ ನಾವು ಸೂಚಿಸುತ್ತೇವೆ: “ಟ್ರಾನ್ಸ್‌ಫಾರ್ಮರಿಗೆ ಬ್ಯಾಟರಿ ಜೋಡಿಸಿ ಬಿಟ್ಟರೆ ಅದು ಏಕೆ ಕೆಲಸ ಮಾಡುವುದಿಲ್ಲ?” ಫ್ಯಾರಡೆಯ ಸುಮ್ಮನಿದ್ದ ಸೂಜಿಯಲ್ಲಿ ಇದಕ್ಕೆ ಉತ್ತರವಿದೆ. ಪಾಠವಾದ ಮೇಲೆ ಮಗು ಇದನ್ನು ಮನೆಯ ಅಜ್ಜಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಬಲ್ಲುದಾದರೆ ಗುರು ಸಿಕ್ಕಿದನೆಂದೇ ತಿಳಿಯಿರಿ.

ಮೊಬೈಲಿನಲ್ಲಿ ಪಾಠಗಳು ಧಾರಾಳವಾಗಿ ದೊರೆಯುವಾಗ ಗುರುವೇಕೆ ಎಂದು ಕೆಲವರು ಕೇಳುತ್ತಾರೆ. ಅವು ಒಳ್ಳೆಯವೇ, ನೋಡಲಿ. ಆದರೆ ವಿದ್ಯಾರ್ಥಿಯ ಮುಖದಲ್ಲಿ ಮೂಡಿದ ಗೊಂದಲವನ್ನು ಕಂಡು, ಪಾಠ ನಿಲ್ಲಿಸಿ, ಹಿಂದಿನ ವರ್ಷದ ಗಣಿತಕ್ಕೆ ಕರೆದೊಯ್ಯುವ ಶಕ್ತಿ ಅವಕ್ಕಿಲ್ಲ.

ಮಕ್ಕಳಿಗೂ ಒಂದು ಮಾತು. ‘ಏನೂ ತಿಳಿಯುವುದಿಲ್ಲ’ ಎಂದು ಗುರುವಿನ ಬಳಿ ಹೋಗಬೇಡಿರಿ. ತಿಳಿದದ್ದು ಎಲ್ಲಿಯವರೆಗೆ, ನಿಂತದ್ದು ಯಾವ ಸಾಲಿನಲ್ಲಿ ಎಂಬುದನ್ನು ವಹಿಯಲ್ಲಿ ಬರೆದುಕೊಂಡು ಹೋಗಿರಿ. ಇಂಗ್ಲಿಷ್ ಪದದ ಎದುರಿಗೆ ಹತ್ತನೆಯ ತರಗತಿಯ ಕನ್ನಡ ಪದವನ್ನು ಬರೆದಿಟ್ಟುಕೊಳ್ಳಿರಿ. ಅರ್ಧ ಗಂಟು ಅಲ್ಲಿಯೇ ಸಡಿಲವಾಗುತ್ತದೆ.

ಕೊನೆಯದಾಗಿ ಸಮಾಜದ ಹಿರಿಯರಲ್ಲಿ ನಮ್ಮ ವಿನಂತಿ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜರು ತಮ್ಮ ಸಂಪತ್ತನ್ನು ಮಕ್ಕಳ ಓದಿಗೆ ಬರೆದಿಟ್ಟರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ಪ್ರಸಾದನಿಲಯದಲ್ಲಿ ಹಳ್ಳಿಯ ವಿದ್ಯಾರ್ಥಿಗಳಿಗೆ ಅನ್ನ, ಆಶ್ರಯ ನೀಡಿದರು. ಅಂದಿನ ಕೊರತೆ ಅನ್ನದ್ದು, ಇಂದಿನ ಕೊರತೆ ಗುರುವಿನದು. ಊರ ಮಠದ ಒಂದು ಕೋಣೆ, ಒಂದು ಕರಿಹಲಗೆ, ಒಂದು ದೀಪ, ವಾರಕ್ಕೆ ಮೂರು ಸಂಜೆ ಇಷ್ಟಿದ್ದರೆ ಸಾಕು. ಐದಾರು ಮನೆಯವರು ಕೂಡಿ ಒಬ್ಬ ಗುರುವಿನ ಸಂಭಾವನೆಯನ್ನು ಹಂಚಿಕೊಂಡರೆ ಯಾರ ಹೊಲವೂ ಅಡವಾಗುವುದಿಲ್ಲ. ಹೆಣ್ಣುಮಗಳು ಕತ್ತಲಲ್ಲಿ ಬಸ್ಸಿಗೆ ಕಾಯಬೇಕಾಗಿಲ್ಲ. ಕೊಡಲಾರದ ಮನೆಯ ಮಗುವೂ ಅದೇ ಚಾಪೆಯ ಮೇಲೆ ಕೂಡ್ರಲಿ. ಯಾವ ಜಾತಿಯದೆಂದು ಯಾರೂ ಕೇಳದಿರಲಿ. ಈ ಜೂನಿನಲ್ಲಿ ಕಾಲೇಜು ಆರಂಭವಾಗುವ ಮುನ್ನ ಒಂದೊಂದು ಊರಿನವರು ಒಬ್ಬೊಬ್ಬ ಗುರುವಿನ ಮನೆಯ ಬಾಗಿಲಿಗೆ ಹೋಗಿ ಕೇಳಲಿ ಎಂಬುದು ನಮ್ಮ ಹಾರೈಕೆ.